ಕಮಿಷನ್ ಸೊನ್ನೆ, ಖೋತಾ ಹತ್ತು ಸಾವಿರ

ಓದುಗರ ಪ್ರಶ್ನೆ

"ದಾವಣಗೆರೆಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಹೋದ ವರ್ಷ ನಾನು, ನಮ್ಮ ಮನೆಯವರು ಇಬ್ಬರೂ ಟೂರ್‌ನವರ ಜೊತೆ ದುಬೈಗೆ ಹೋಗಿಬಂದೆವು. ಬೆಂಗಳೂರು ಏರ್‌ಪೋರ್ಟಿನಲ್ಲಿ 'ಕಮಿಷನ್ ಇಲ್ಲ' ಎಂದು ಬೋರ್ಡ್ ಹಾಕಿದ್ದ ಕೌಂಟರ್‌ನಲ್ಲಿ 945 ಡಾಲರ್ ಕೊಂಡೆ. ದುಬೈ ಏರ್‌ಪೋರ್ಟಿನಲ್ಲಿ ಅದನ್ನು ದಿರ್ಹಮ್ ಮಾಡಿಸಿದೆ. ಒಂದು ಮಾಲ್‌ನಲ್ಲಿ 800 ದಿರ್ಹಮ್ ಸಾಮಾನಿಗೆ ಕ್ರೆಡಿಟ್ ಕಾರ್ಡ್ ಕೊಟ್ಟೆ. ಅಲ್ಲಿನ ಹುಡುಗ 'ಇಂಡಿಯನ್ ರುಪೀಸ್?' ಅಂದ, ಹೂಂ ಅಂದೆ. ಉಳಿದ 400 ದಿರ್ಹಮ್ ಬೆಂಗಳೂರಿಗೆ ಇಳಿದ ಮೇಲೆ ಮಾರಿದೆ. ಎಲ್ಲೂ ಮೋಸ ಹೋದ ಹಾಗೆ ಕಾಣಲಿಲ್ಲ. ಊರಿಗೆ ಬಂದು ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಹತ್ತು ಸಾವಿರ ತಾಳೆಯಾಗುತ್ತಿಲ್ಲ. ರಸೀದಿಗಳ ಫೋಟೊ ಕಳಿಸಿದ್ದೇನೆ.

ಈಗ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್‌ಗೆ ಹತ್ತು ದಿನದ ಪ್ರವಾಸ ನಿಕ್ಕಿಯಾಗಿದೆ. ಪ್ಯಾಕೇಜ್ ಬಿಟ್ಟು ಕೈಖರ್ಚಿಗೆ ಒಂದು ಲಕ್ಷ ಎಂದುಕೊಂಡಿದ್ದೇವೆ. ಟೂರ್‌ನವರು 'ಡಾಲರ್ ಇಟ್ಟುಕೊಳ್ಳಿ, ಎಲ್ಲ ಕಡೆ ನಡೆಯುತ್ತೆ' ಅಂತಾರೆ. ಮಗ ಕಾರ್ಡ್ ಸಾಕು ಅಂತಾನೆ. ಪಕ್ಕದ ಮನೆಯವರ ಪರಿಚಯಸ್ಥರೊಬ್ಬರ ಹತ್ತಿರ ಡಾಲರ್ ಇದೆಯಂತೆ, ಬ್ಯಾಂಕಿಗಿಂತ ಕಡಿಮೆಗೆ ಕೊಡುತ್ತಾರಂತೆ. ಇದೆಲ್ಲದರ ಮೇಲೆ ಶೇ. 20 ತೆರಿಗೆ ಬೇರೆ ಕಟ್ಟಬೇಕು ಎಂದು ಯಾರೋ ಹೆದರಿಸಿದ್ದಾರೆ. ಯಾರ ಮಾತು ಕೇಳಲಿ? ಹೋದ ಸಲದ ಒಂದು 20 ದಿರ್ಹಮ್ ನೋಟು, ಎಂಟೊಂಬತ್ತು ನಾಣ್ಯ ಇನ್ನೂ ಬೀರುವಿನಲ್ಲೇ ಇವೆ. ಅವನ್ನೇನು ಮಾಡಲಿ?"

ಉತ್ತರ

ಮೇಷ್ಟ್ರೇ, ನಿಮ್ಮ ಲೆಕ್ಕ ತಪ್ಪಿಲ್ಲ. ಹತ್ತು ಸಾವಿರ ಹೋಗಿದ್ದು ನಿಜ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ರಸೀದಿ ಕೊಡಲಿಲ್ಲ ಅನ್ನುವುದೂ ನಿಜ. ಬ್ಯಾಂಕೊಂದರ ವಿದೇಶಿ ವಿನಿಮಯದ ಕೌಂಟರ್‌ನ ಒಳಬದಿಯಲ್ಲಿ ಇಪ್ಪತ್ತೆರಡು ವರ್ಷ ಕೂತವನಾಗಿ ಹೇಳುತ್ತೇನೆ, ಈ ವ್ಯಾಪಾರದಲ್ಲಿ ಗಿರಾಕಿಯ ದುಡ್ಡು ಹೋಗುವುದು ಅವನು ನೋಡುವ ಸಾಲಿನಲ್ಲಿ ಅಲ್ಲ. ಅವನು 'ಕಮಿಷನ್' ಎಂಬ ಸಾಲು ನೋಡುತ್ತಾನೆ, ಅಲ್ಲಿ ಸೊನ್ನೆ ಇರುತ್ತದೆ, ನಿರಾಳನಾಗುತ್ತಾನೆ. ಹೋಗುವುದು ಅದರ ಮೇಲಿನ ಸಾಲಿನಲ್ಲಿ, ದರದಲ್ಲಿ.

ನಮ್ಮ ತಂದೆ ಮೆಕ್ಕೆಜೋಳವನ್ನು ದಾವಣಗೆರೆ ಎಪಿಎಂಸಿಗೆ ತರುತ್ತಿದ್ದ ದಿನಗಳಲ್ಲಿ ಕ್ವಿಂಟಲ್‌ಗೆ ರೇಟು ಎಷ್ಟು ಎಂದು ಎಂದೂ ಸಂಭ್ರಮಪಟ್ಟವರಲ್ಲ. "ಪಟ್ಟಿ ಕೈಗೆ ಬರಲಿ" ಅನ್ನುತ್ತಿದ್ದರು. ತೇವ ಎಷ್ಟು ಹಿಡಿದರು, ಹಮಾಲಿ ಎಷ್ಟು, ತೂಕದಲ್ಲಿ ಎಷ್ಟು ಬಿಟ್ಟರು, ಎಲ್ಲ ಕಳೆದು ಕೈಗೆ ಬಂದದ್ದೇ ರೇಟು. ಡಾಲರ್ ಅಂಗಡಿಯೂ ಅಷ್ಟೇ. ವ್ಯತ್ಯಾಸವೆಂದರೆ ಮಂಡಿಯ ಪಟ್ಟಿಯಲ್ಲಿ ಕಳೆದದ್ದನ್ನು ಸಾಲು ಸಾಲಾಗಿ ಬರೆದಿರುತ್ತಾರೆ. ಇಲ್ಲಿ ಬರೆದಿರುವುದಿಲ್ಲ.

ನಿಮ್ಮ ರಸೀದಿಗಳನ್ನೇ ಬಿಡಿಸೋಣ. ಸುಲಭವಾಗಲೆಂದು ದರಗಳನ್ನು ದುಂಡು ಮಾಡಿಕೊಂಡಿದ್ದೇನೆ: ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಮಾರುವ ದರದ ನಡುಮಟ್ಟ, ಅಂದರೆ ಮೊಬೈಲಿನಲ್ಲಿ ಹುಡುಕಿದರೆ ಕಾಣುವ ದರ, ಡಾಲರ್‌ಗೆ 90 ರೂಪಾಯಿ ಎಂದುಕೊಳ್ಳಿ. ಇದನ್ನು ಮಧ್ಯದರ ಎಂದು ಕರೆಯೋಣ. ದಿರ್ಹಮ್ 1997ರಿಂದ ಡಾಲರ್‌ಗೆ 3.6725ರಂತೆ ಕಟ್ಟಿಹಾಕಿದ ಹಣ. ಹಾಗಾಗಿ ಒಂದು ದಿರ್ಹಮ್‌ಗೆ ಮಧ್ಯದರ 24.50 ರೂಪಾಯಿ.

ಬೆಂಗಳೂರು ಏರ್‌ಪೋರ್ಟಿನವರು ನಿಮಗೆ ಡಾಲರ್ ಕೊಟ್ಟಿದ್ದು 95ರಂತೆ. 945 ಡಾಲರ್‌ಗೆ 89,775 ರೂಪಾಯಿ, ಮೇಲೆ ಜಿಎಸ್‌ಟಿ 162. ಮಧ್ಯದರದಲ್ಲಿ ಅದರ ಬೆಲೆ 85,050. ಅಲ್ಲಿಗೆ 4,887 ಹೋಯಿತು, ಅದರಲ್ಲಿ 4,725 ದರದೊಳಗೇ ಅಡಗಿತ್ತು. ದುಬೈಯಲ್ಲಿ ಇಳಿದ ತಕ್ಷಣ ಆ ಡಾಲರನ್ನು 3.55ರಂತೆ ಬದಲಾಯಿಸಿದ್ದೀರಿ. 3,470 ದಿರ್ಹಮ್ ಬರಬೇಕಿದ್ದ ಕಡೆ 3,355 ಬಂತು. ಇನ್ನೊಂದು 2,836 ರೂಪಾಯಿ ಹೋಯಿತು. ಮಾಲ್‌ನಲ್ಲಿ 800 ದಿರ್ಹಮ್ ಸಾಮಾನು, ಅಂದರೆ 19,600 ರೂಪಾಯಿ. ನೀವು ಹೂಂ ಅಂದದ್ದಕ್ಕೆ ಯಂತ್ರ ಹಿಡಿದದ್ದು 20,580. ಅದು ಸಾಲದೆಂಬಂತೆ ತಿಂಗಳ ಕೊನೆಯ ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ 243 ರೂಪಾಯಿಯ ಇನ್ನೊಂದು ಸಾಲಿದೆ, ನೀವು ಅದನ್ನು ಗಮನಿಸಿಲ್ಲ. ಹೊರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲೇ ಕೊಟ್ಟರೂ ನಮ್ಮ ಹಲವು ಬ್ಯಾಂಕುಗಳು ಹಾಕುವ ಶುಲ್ಕ ಅದು. ಕೊನೆಗೆ 400 ದಿರ್ಹಮ್‌ ಅನ್ನು 22ರಂತೆ ಮಾರಿ ಸಾವಿರ ರೂಪಾಯಿ, ಜಿಎಸ್‌ಟಿ 45 ಕಳೆದುಕೊಂಡಿರಿ.

ಕೂಡಿಸಿ: 4,887, 2,836, 1,223, 1,045. ಒಟ್ಟು 9,991.

ಈ ಹತ್ತು ಸಾವಿರದಲ್ಲಿ ಸರ್ಕಾರಕ್ಕೆ ಹೋದದ್ದು, ಕಾರ್ಡ್ ಶುಲ್ಕದೊಳಗಿನ ಜಿಎಸ್‌ಟಿಯೂ ಸೇರಿ, ಹೆಚ್ಚೆಂದರೆ 244 ರೂಪಾಯಿ. 'ಟ್ಯಾಕ್ಸ್‌ನಲ್ಲೇ ಎಲ್ಲ ಹೋಯಿತು' ಎಂದು ಕೌಂಟರ್ ಮುಂದೆ ಗೊಣಗಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನೋಟು ಬದಲಾಯಿಸುವಾಗ ಜಿಎಸ್‌ಟಿಯನ್ನು ಪೂರ್ತಿ ಮೊತ್ತದ ಮೇಲೆ ಹಾಕುವುದಿಲ್ಲ. ಒಂದು ಲಕ್ಷದವರೆಗಿನ ವ್ಯವಹಾರಕ್ಕೆ ಮೊತ್ತದ ಶೇ. 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ. 18 ಹಾಕುತ್ತಾರೆ. ಹಾಗಾಗಿ ಲಕ್ಷಕ್ಕೆ 180 ರೂಪಾಯಿ. ಎಷ್ಟೇ ಚಿಲ್ಲರೆ ಬದಲಾಯಿಸಿದರೂ 45 ರೂಪಾಯಿಗೆ ಕಡಿಮೆಯಿಲ್ಲ. ಲಕ್ಷ ದಾಟಿದ ಭಾಗಕ್ಕೆ ಇನ್ನೂ ಕಡಿಮೆ.

ಇನ್ನು ಆ ಶೇ. 20. ಇದು ಟಿಸಿಎಸ್, ಅಂದರೆ ಮಾರುವವರೇ ನಿಮ್ಮಿಂದ ಮುಂಗಡವಾಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, 2023ರ ಅಕ್ಟೋಬರ್‌ನಿಂದ ಎಲ್ಲರ ಬಾಯಲ್ಲೂ ಇರುವ ಮಾತು. ಪ್ರವಾಸಕ್ಕೆಂದು ನೀವು ಕೊಳ್ಳುವ ವಿದೇಶಿ ಹಣ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಮಾತ್ರ, ದಾಟಿದ ಭಾಗಕ್ಕೆ ಮಾತ್ರ. 2025ರ ಏಪ್ರಿಲ್‌ಗಿಂತ ಮುಂಚೆ ಈ ಮಿತಿ 7 ಲಕ್ಷ ಇತ್ತು. ನಿಮ್ಮ ಒಂದು ಲಕ್ಷಕ್ಕೆ ಇದು ತಾಗುವುದೇ ಇಲ್ಲ. ಆದರೆ ಟೂರ್ ಪ್ಯಾಕೇಜ್‌ನ ಮೇಲೆ ಟಿಸಿಎಸ್ ಲೆಕ್ಕವೇ ಬೇರೆ, ಅಲ್ಲಿ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ಅದರ ದರವನ್ನು ಬಜೆಟ್‌ಗಳು ಮತ್ತೆ ಮತ್ತೆ ಬದಲಾಯಿಸಿವೆ, ಬಿಲ್ಲಿನಲ್ಲಿ ಅದು ಪ್ರತ್ಯೇಕ ಸಾಲಾಗಿ ಇರಲೇಬೇಕೆಂದು ಕೇಳಿ. ಮುಖ್ಯ ಸಂಗತಿ, ಟಿಸಿಎಸ್ ಹೋದ ದುಡ್ಡಲ್ಲ. ಅದು ನಿಮ್ಮ ಪ್ಯಾನ್ ಮೇಲೆ ಜಮೆಯಾಗುತ್ತದೆ, ರಿಟರ್ನ್ ಹಾಕಿದಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ಎಡವಟ್ಟು ಆಗುವುದು ಎಲ್ಲಿ ಎಂದರೆ, ದುಡ್ಡು ಕಟ್ಟುವವನು ಮಗ, ಪ್ಯಾನ್ ಕೊಟ್ಟಿದ್ದು ಅಪ್ಪನದು, ರಿಟರ್ನ್ ಯಾರೂ ಹಾಕುವುದಿಲ್ಲ. ಪಿಂಚಣಿದಾರರಲ್ಲಿ ಇದು ತುಂಬ ಸಾಮಾನ್ಯ. ಯಾರ ಪ್ಯಾನ್‌ಗೆ ಹೋಗುತ್ತಿದೆ ಎಂದು ಕಟ್ಟುವ ಮುಂಚೆಯೇ ನೋಡಿ.

ಪ್ಯಾಕೇಜ್‌ನ ಮಾತು ಬಂತು, ಒಂದು ವಿಷಯ ಹೇಳಿಬಿಡುತ್ತೇನೆ. ಎಷ್ಟೋ ಟೂರ್‌ನವರು ದರವನ್ನು 'ಇಷ್ಟು ರೂಪಾಯಿ, ಜೊತೆಗೆ ಇಷ್ಟು ಡಾಲರ್' ಎಂದು ಎರಡು ತುಂಡಾಗಿ ಬರೆಯುತ್ತಾರೆ. ಡಾಲರ್ ತುಂಡನ್ನು ಕೊನೆಯ ಕಂತಿನ ದಿನ ತಮ್ಮದೇ ದರದಲ್ಲಿ ರೂಪಾಯಿ ಮಾಡುತ್ತಾರೆ. ಆ ದರ ಯಾವುದು, ಯಾವ ಬ್ಯಾಂಕಿನ ಯಾವ ದರಕ್ಕೆ ಎಷ್ಟು ಸೇರಿಸುತ್ತಾರೆ ಎಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಕೈಖರ್ಚಿನ ಲಕ್ಷದ ಬಗ್ಗೆ ತಲೆ ಕೆಡಿಸಿಕೊಂಡವರು ಪ್ಯಾಕೇಜ್‌ನ ನಾಲ್ಕು ಲಕ್ಷದಲ್ಲಿ ಇದನ್ನು ಕೇಳುವುದೇ ಇಲ್ಲ.

ದರದೊಳಗೆ ಏನಿದೆ?

ಮಧ್ಯದರದಲ್ಲೇ ಸಿಗಬೇಕು ಎಂದು ಹಟ ಹಿಡಿಯುವುದೂ ತಪ್ಪು. ಚಿನ್ನದ ಅಂಗಡಿಯಲ್ಲಿ ಹೊಸ ಸರ ಕೊಳ್ಳುವಾಗ ಒಂದು ರೇಟು, ಅದೇ ಸರವನ್ನು ಮರುದಿನ ಮಾರಲು ಹೋದರೆ ಇನ್ನೊಂದು. ನೋಟೂ ಒಂದು ಸರಕು. ಅದನ್ನು ಎಲ್ಲಿಂದಲೋ ತರಿಸಬೇಕು, ವಿಮೆ ಮಾಡಿಸಬೇಕು, ಕಪಾಟಿನಲ್ಲಿ ಇಡಬೇಕು, ಮಾರಾಟವಾಗದೆ ಉಳಿದರೆ ಅಷ್ಟು ದಿನ ಬಂಡವಾಳ ಕೂತುಬಿಡುತ್ತದೆ, ಅಷ್ಟರಲ್ಲಿ ದರ ಬಿದ್ದರೆ ನಷ್ಟ. ದೊಡ್ಡ ಬ್ಯಾಂಕುಗಳು ದಿನಾ ಪ್ರಕಟಿಸುವ ದರಪಟ್ಟಿ ನೋಡಿ. ಹಣ ರವಾನೆಗೆ ಒಂದು ಅಂಕಣ, ಟ್ರಾವೆಲ್ ಕಾರ್ಡ್‌ಗೆ ಒಂದು, ನೋಟಿಗೆ ಒಂದು. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಅತಿ ಹೆಚ್ಚು ಇರುವುದು ನೋಟಿನ ಅಂಕಣದಲ್ಲೇ.

ಸರಕು ಬೇಗ ಖಾಲಿಯಾಗುವಂಥದ್ದಾದರೆ ಅಂತರ ಕಡಿಮೆ. ಡಾಲರ್ ದಿನಾ ಹೋಗುತ್ತದೆ. ವಿಯೆಟ್ನಾಂನ ಡಾಂಗ್ ಅಥವಾ ಇಂಡೊನೇಷ್ಯಾದ ರುಪಿಯಾ ಕೇಳುವವರು ಬೆಂಗಳೂರಿನಲ್ಲೂ ವಿರಳ, ಹಾಗಾಗಿ ಅವಕ್ಕೆ ದುಬಾರಿ ಅಂತರ. ಏರ್‌ಪೋರ್ಟಿನಲ್ಲಿ ಡಾಲರ್ ಕೂಡ ದುಬಾರಿ, ಏಕೆಂದರೆ ಅಲ್ಲಿ ಕೌಂಟರ್ ಹಾಕಲು ಕಟ್ಟಬೇಕಾದ ಬಾಡಿಗೆಯೇ ದೊಡ್ಡದು. ಚೆಕ್‌-ಇನ್ ಮುಗಿಸಿದ ಗಿರಾಕಿ ಪಕ್ಕದ ಬೀದಿಗೆ ಹೋಗಿ ವಿಚಾರಿಸಿ ಬರುವ ಹಾಗೂ ಇಲ್ಲ. ಅಂಗಡಿಯವನಿಗೆ ಅದು ಗೊತ್ತು.

ಕೌಂಟರ್ ಮುಂದೆ ನಿಂತಾಗ ಕಮಿಷನ್ ಎಷ್ಟು ಎಂದು ಕೇಳಲೇಬೇಡಿ. "ಎಲ್ಲ ಸೇರಿ ನನ್ನ ಕೈಯಿಂದ ಎಷ್ಟು ರೂಪಾಯಿ ಹೋಗುತ್ತದೆ, ನನ್ನ ಕೈಗೆ ಎಷ್ಟು ಬರುತ್ತದೆ?" ಎಂದಷ್ಟೇ ಕೇಳಿ. ಒಂದನ್ನು ಇನ್ನೊಂದರಿಂದ ಭಾಗಿಸಿ. ಬಂದ ದರ ಮಧ್ಯದರಕ್ಕಿಂತ ಎಷ್ಟು ಶೇಕಡಾ ಹೆಚ್ಚು? ಡಾಲರ್ ನೋಟಿಗೆ ಶೇ. 1ರಿಂದ 2 ಆದರೆ ನಾನು ಮರುಮಾತಿಲ್ಲದೆ ಕೊಳ್ಳುತ್ತೇನೆ. ಶೇ. 3 ಆದರೆ ಸಮಯ ನೋಡಿಕೊಂಡು. ಶೇ. 5 ದಾಟಿತೋ, ಬೇರೆ ದಾರಿ ಇಲ್ಲದಿದ್ದರೆ ಮಾತ್ರ. ನಿಮಗೆ ಏರ್‌ಪೋರ್ಟಿನಲ್ಲಿ ಬಿದ್ದದ್ದು ಶೇ. 5.5ಕ್ಕಿಂತ ಹೆಚ್ಚು. ಯೆನ್ ಕೊಳ್ಳುವವರು ಮಾತ್ರ ಎಚ್ಚರ, ನಮ್ಮಲ್ಲಿ ಅದರ ದರವನ್ನು 100 ಯೆನ್‌ಗೆ ಹೇಳುವ ರೂಢಿ. ಒಂದು ಯೆನ್‌ನ ದರ ಎಂದುಕೊಂಡು ಬೆಚ್ಚಿಬಿದ್ದವರಿದ್ದಾರೆ.

ಡಾಲರ್ ಎಲ್ಲ ಕಡೆ ನಡೆಯುತ್ತದೆಯೇ?

ನಡೆಯುತ್ತದೆ. ಆದರೆ ಎರಡು ಸಲ ಬದಲಾಯಿಸುತ್ತೀರಿ, ಎರಡು ಸಲ ತೂಕದಲ್ಲಿ ಬಿಡುತ್ತೀರಿ. ದುಬೈಗೆ ಡಾಲರ್ ಒಯ್ದದ್ದೇ ನಿಮ್ಮ ಮೊದಲ ತಪ್ಪು. ದಿರ್ಹಮ್ ನಮ್ಮಲ್ಲೇ ಚೆನ್ನಾಗಿ ಓಡುವ ಹಣ. ಉಮ್ರಾಕ್ಕೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ, ಸೌದಿ ರಿಯಾಲ್ ಅನ್ನೇ ನೇರವಾಗಿ ಕೊಳ್ಳಿ. ರಿಯಾಲ್ ಕೂಡ ಡಾಲರ್‌ಗೆ 3.75ರಂತೆ 1986ರಿಂದ ಕಟ್ಟಿಹಾಕಿದ್ದು, ನಡುವೆ ಡಾಲರನ್ನು ತೂರಿಸಿ ಗಳಿಸುವುದೇನೂ ಇಲ್ಲ.

ಹಾಗೆಂದು ಟೂರ್‌ನವರ ಮಾತು ಪೂರ್ತಿ ಸುಳ್ಳಲ್ಲ. ಥಾಯ್ಲೆಂಡ್‌ನ ಲೆಕ್ಕ ನೋಡಿ. ಮಧ್ಯದರ ಡಾಲರ್‌ಗೆ 90, ಬಾಟ್‌ಗೆ 2.80 ಎಂದುಕೊಳ್ಳಿ. 50,000 ರೂಪಾಯಿ ಕೈಯಲ್ಲಿದೆ. ಇಲ್ಲೇ ಬಾಟ್ ಕೊಂಡಿರಿ, 2.95ರಂತೆ ಕೊಟ್ಟರು: 16,950 ಬಾಟ್ ಬಂತು. ಅದೇ ದುಡ್ಡಿಗೆ ಊರೊಳಗಿನ ಕೌಂಟರ್‌ನಲ್ಲಿ 91.50ರಂತೆ 546 ಡಾಲರ್ ಕೊಂಡು, ಬ್ಯಾಂಕಾಕ್ ಪೇಟೆಯಲ್ಲಿ 31.90ರಂತೆ ಬದಲಾಯಿಸಿದಿರಿ: 17,400 ಬಾಟ್. ಅದೇ 546 ಡಾಲರನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಎತ್ತಿಕೊಂಡ ಕೂಡಲೇ ಕಾಣುವ ಕೌಂಟರ್‌ನಲ್ಲಿ 30ರಂತೆ ಕೊಟ್ಟಿರಿ: 16,380. ಅಂಕಿಗಳು ಉದಾಹರಣೆಗೆ ಹಾಕಿದವು, ಆದರೆ ಅವುಗಳ ಕ್ರಮ ನಾನು ಮತ್ತೆ ಮತ್ತೆ ಕಂಡದ್ದು. ಡಾಲರ್ ದಾರಿ ಗೆಲ್ಲುವುದೋ ಸೋಲುವುದೋ ಎರಡನೇ ಕೌಂಟರ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣದಲ್ಲೇ ನೆಲಮಾಳಿಗೆಗೆ, ಊರಿಗೆ ರೈಲು ಹತ್ತುವ ಜಾಗಕ್ಕೆ ಇಳಿದರೆ ಮೇಲಿನ ಅಂತಸ್ತಿಗಿಂತ ಒಳ್ಳೆಯ ದರದ ಕೌಂಟರ್‌ಗಳಿವೆ. ಆದರೆ ಗುಂಪಿನಲ್ಲಿ ಹೋದವರನ್ನು ಗೈಡ್ ಸೀದಾ ಬಸ್ಸಿಗೆ ಹತ್ತಿಸಿಬಿಡುತ್ತಾನೆ, ಆಮೇಲೆ ತನಗೆ ಪರಿಚಯದ ಅಂಗಡಿ ಮುಂದೆ ನಿಲ್ಲಿಸುತ್ತಾನೆ. ಅಲ್ಲಿ ಊಟ ಮಾಡಿ, ಹಣ ಬದಲಾಯಿಸಬೇಡಿ.

ಡಾಲರ್ ಒಯ್ಯುವುದಾದರೆ 100ರ ಹೊಸ ನೋಟುಗಳನ್ನೇ ಕೇಳಿ ಪಡೆಯಿರಿ. ಆಗ್ನೇಯ ಏಷ್ಯಾದಲ್ಲಿ ಎಷ್ಟೋ ಕಡೆ 10, 20ರ ನೋಟಿಗೆ ಕಡಿಮೆ ದರ, ಮಡಚಿದ್ದು, ಶಾಯಿ ಗುರುತಿದ್ದದ್ದು, ಹಳೇ ಮಾದರಿಯದ್ದು ಬೇಡವೇ ಬೇಡ ಅನ್ನುತ್ತಾರೆ. ನಮ್ಮ ಕೌಂಟರ್‌ಗಳಲ್ಲಿ ನೋಟನ್ನು ಸ್ಟೇಪಲ್ ಮಾಡುವ ಕೆಟ್ಟ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಹಾಗೆ ಕೊಟ್ಟರೆ ಅಲ್ಲೇ ವಾಪಸು ಕೊಡಿ.

ಕಾರ್ಡ್‌ನ ಮಾತು

ನಿಮ್ಮ ಮಗ ಅರ್ಧ ಸರಿ. ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ಬ್ಯಾಂಕುಗಳು ವಿದೇಶಿ ಖರ್ಚಿನ ಮೇಲೆ ಹೆಚ್ಚಾಗಿ ಶೇ. 3.5 ಸೇರಿಸುತ್ತವೆ, ಅದರ ಮೇಲೆ ಜಿಎಸ್‌ಟಿ ಸೇರಿ 4.13. ಕೆಲವು ಕಾರ್ಡ್‌ಗಳಲ್ಲಿ ಶೇ. 2, ಕೆಲವರಲ್ಲಿ ಸೊನ್ನೆಯೂ ಇದೆ. ನಿಮ್ಮ 800 ದಿರ್ಹಮ್‌ ಅನ್ನು ದಿರ್ಹಮ್‌ನಲ್ಲೇ ಹಿಡಿಯಲು ಹೇಳಿದ್ದರೆ 810 ರೂಪಾಯಿ ಹೋಗುತ್ತಿತ್ತು. ರೂಪಾಯಿ ಅಂದದ್ದಕ್ಕೆ 1,223 ಹೋಯಿತು.

ಆ 'ರುಪೀಸ್?' ಎಂಬ ಪ್ರಶ್ನೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಅದು ಉಪಕಾರದ ವೇಷದಲ್ಲಿ ಬರುತ್ತದೆ. ನಮ್ಮ ಕಾರ್ಡ್ ಭಾರತದ್ದು ಎಂದು ಯಂತ್ರಕ್ಕೆ ಗೊತ್ತಾಗುತ್ತದೆ, ಬೆಲೆಯನ್ನು ರೂಪಾಯಿಯಲ್ಲಿ ತೋರಿಸುತ್ತದೆ, ನಮಗೆ ಪರಿಚಿತ ಅಂಕಿ ಕಂಡು ಸಮಾಧಾನವಾಗುತ್ತದೆ. ಆದರೆ ಆ ಪರಿವರ್ತನೆಯ ದರ ನಿರ್ಧರಿಸುವುದು ನಮ್ಮ ಬ್ಯಾಂಕ್ ಅಲ್ಲ, ವೀಸಾ, ಮಾಸ್ಟರ್‌ಕಾರ್ಡ್ ಕೂಡ ಅಲ್ಲ. ಅಂಗಡಿಯ ಕಡೆಯ ಸಂಸ್ಥೆ. ಅದರ ಲಾಭದಲ್ಲಿ ಅಂಗಡಿಗೂ ಪಾಲಿರುತ್ತದೆ, ಅದಕ್ಕೇ ಹುಡುಗ ಅಷ್ಟು ವಿನಯದಿಂದ ಕೇಳುತ್ತಾನೆ. ಆಯ್ಕೆ ಗಿರಾಕಿಯದ್ದೇ ಎಂಬುದು ಕಾರ್ಡ್ ಕಂಪನಿಗಳ ನಿಯಮ. 'ಲೋಕಲ್ ಕರೆನ್ಸಿ' ಎಂದು ಹೇಳಿ, ರಸೀದಿಯಲ್ಲಿ ರೂಪಾಯಿ ಕಂಡರೆ ರದ್ದು ಮಾಡಿಸಿ ಮತ್ತೆ ಹಾಕಿಸಿ. ಎಟಿಎಂಗಳೂ ಇದೇ ಪ್ರಶ್ನೆ ಕೇಳುತ್ತವೆ, ಅಲ್ಲಿ ಇನ್ನೂ ಗೋಜಲು. ಒಪ್ಪಿಗೆಯ ಗುಂಡಿ ಹಸಿರು, ಬೇಡ ಎನ್ನುವ ಗುಂಡಿ ಒತ್ತಿದರೆ ವ್ಯವಹಾರವೇ ರದ್ದಾಗುತ್ತದೇನೋ ಎಂಬ ಭಯ. ರದ್ದಾಗುವುದಿಲ್ಲ, ದುಡ್ಡು ಬರುತ್ತದೆ, ನಮ್ಮ ಬ್ಯಾಂಕಿನ ದರದಲ್ಲಿ. ಇದೇ ಕೆಲಸದಲ್ಲಿದ್ದ ನಾನೇ ಕೌಲಾಲಂಪುರದಲ್ಲಿ ರಾತ್ರಿ ಹನ್ನೊಂದಕ್ಕೆ ಹಿಂದೆ ಸರತಿಯಲ್ಲಿ ಆರು ಜನ ನಿಂತಿದ್ದಾಗ ಹಸಿರು ಒತ್ತಿದ್ದೇನೆ. ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಎಟಿಎಂಗೆ ಬೇರೆ ಖರ್ಚೂ ಇದೆ. ಥಾಯ್ಲೆಂಡ್‌ನಲ್ಲಿ ವಿದೇಶಿ ಕಾರ್ಡ್‌ಗೆ ಒಂದು ಸಲಕ್ಕೆ 220 ಬಾಟ್ ಅಥವಾ ಅದಕ್ಕಿಂತ ಹೆಚ್ಚು, ಅಂದರೆ ಸುಮಾರು 600 ರೂಪಾಯಿ, ಅಲ್ಲಿನ ಬ್ಯಾಂಕೇ ಹಿಡಿಯುತ್ತದೆ. ನಮ್ಮ ಬ್ಯಾಂಕಿನ ಶುಲ್ಕ ಅದರ ಮೇಲೆ. ಸಣ್ಣ ಸಣ್ಣ ಮೊತ್ತ ನಾಲ್ಕು ಸಲ ತೆಗೆಯುವವರು ಇದರಲ್ಲೇ ಸೋಲುತ್ತಾರೆ. ಕ್ರೆಡಿಟ್ ಕಾರ್ಡ್‌ನಲ್ಲಂತೂ ಎಟಿಎಂ ಹತ್ತಿರ ಹೋಗಲೇಬೇಡಿ, ನಗದು ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ.

ಮುಂಚೆಯೇ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಒಂದೇ ಹಣದ ದೇಶಕ್ಕೆ ಹೋಗುವವರಿಗೆ ಚೆನ್ನ. ಮೂರು ದೇಶದ ನಿಮ್ಮ ಪ್ರವಾಸಕ್ಕೆ ಅದರಲ್ಲೊಂದು ಹೊಂಡವಿದೆ. ಕಾರ್ಡ್‌ನಲ್ಲಿ ಡಾಲರ್ ಮಾತ್ರ ತುಂಬಿಸಿ ಮಲೇಷ್ಯಾದ ರಿಂಗಿಟ್ ಖರ್ಚು ಮಾಡಿದರೆ ಅಡ್ಡ ಪರಿವರ್ತನೆಯ ಶುಲ್ಕ ಬೀಳುತ್ತದೆ, ಎಷ್ಟೋ ಕಡೆ ಅದೂ ಶೇ. 3.5ರ ಆಸುಪಾಸು. ಸಿಂಗಪುರ ಡಾಲರ್, ಬಾಟ್ ತುಂಬಬಹುದಾದ ಕಾರ್ಡ್‌ಗಳಿವೆ, ರಿಂಗಿಟ್ ಎಲ್ಲದರಲ್ಲೂ ಇರುವುದಿಲ್ಲ. ಕಾರ್ಡ್ ಕೊಡುವ ಶುಲ್ಕ, ಮತ್ತೆ ತುಂಬುವ ಶುಲ್ಕ, ಬಳಸದೆ ಬಿಟ್ಟರೆ ಬೀಳುವ ಶುಲ್ಕ, ಉಳಿದದ್ದನ್ನು ವಾಪಸು ರೂಪಾಯಿ ಮಾಡುವ ದರ, ಈ ನಾಲ್ಕನ್ನೂ ಬರಹದಲ್ಲಿ ಕೇಳಿ.

ಸಿಂಗಪುರದಲ್ಲಿ ಆಯ್ದ ಅಂಗಡಿಗಳಲ್ಲಿ ಯುಪಿಐ ನಡೆಯುತ್ತದೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಮುಂಚೆಯೇ ಚಾಲೂ ಮಾಡಿಕೊಂಡಿರಬೇಕು. ಸಿಕ್ಕಲ್ಲಿ ಬಳಸಿ, ಅದನ್ನೇ ನಂಬಿಕೊಂಡು ಹೋಗಬೇಡಿ.

ಪರಿಚಯಸ್ಥರ ಡಾಲರ್

ಇದಕ್ಕೆ ನೇರವಾಗಿ ಬೇಡ ಅನ್ನುತ್ತೇನೆ. ರಿಸರ್ವ್ ಬ್ಯಾಂಕ್ ಪರವಾನಗಿ ಇಲ್ಲದವರಿಂದ ವಿದೇಶಿ ಹಣ ಕೊಳ್ಳುವುದು 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ. ಮಾರಿದವರಷ್ಟೇ ಅಲ್ಲ, ಕೊಂಡವರೂ ಸಿಕ್ಕಿಬೀಳುತ್ತಾರೆ. ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಕಾಯ್ದೆ ಹಾಗಿರಲಿ, ವ್ಯವಹಾರವಾಗಿಯೇ ನೋಡಿ. ಲಕ್ಷಕ್ಕೆ ಅವರು ಉಳಿಸಿಕೊಡುವುದು ಎಷ್ಟು? ಸಾವಿರ, ಸಾವಿರದೈನೂರು. ಒಂದು 100ರ ನೋಟು ಖೋಟಾ ಎಂದು ಬ್ಯಾಂಕಾಕ್‌ನಲ್ಲಿ ತಿಳಿದರೆ ಹೋಗುವುದು ಒಂಬತ್ತು ಸಾವಿರ, ಮೇಲೆ ಪರದೇಶದಲ್ಲಿ ವಿಚಾರಣೆ. ರಸೀದಿ ಇರುವುದಿಲ್ಲ, ಯಾರನ್ನು ಕೇಳುತ್ತೀರಿ? ಚಲಾವಣೆ ನಿಂತ ನೋಟುಗಳ ಕಾಟವೂ ಇದೆ. ಇಂಗ್ಲೆಂಡಿನ ಕಾಗದದ 20 ಮತ್ತು 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ 30ಕ್ಕೆ ಅಂಗಡಿಯಲ್ಲಿ ನಡೆಯುವುದು ನಿಂತವು. ಅದಾದ ಮೇಲೂ ಅಂಥ ನೋಟುಗಳ ಕಟ್ಟೊಂದನ್ನು 'ಕಡಿಮೆಗೆ ಸಿಕ್ಕಿತು' ಎಂದು ಖುಷಿಯಿಂದ ಹಿಡಿದುಕೊಂಡು ನನ್ನ ಹತ್ತಿರ ತೋರಿಸಲು ಬಂದವರ ಮುಖ ಇನ್ನೂ ನೆನಪಿದೆ.

ಪರವಾನಗಿ ಇರುವ ಅಂಗಡಿಯವರು ರಿಸರ್ವ್ ಬ್ಯಾಂಕಿನ ಪತ್ರವನ್ನೂ ಆ ದಿನದ ದರವನ್ನೂ ಎದುರಿಗೇ ಹಾಕಿರಬೇಕು. ಎರಡೂ ಇಲ್ಲದ ಕಡೆ ಕೂರಬೇಡಿ.

ನಾನಾಗಿದ್ದರೆ

ಒಂದು ಲಕ್ಷವನ್ನು ಹೀಗೆ ಹಂಚುತ್ತಿದ್ದೆ. ಹೊರಡುವ ಎರಡು ವಾರ ಮುಂಚೆ ನಿಮ್ಮದೇ ಬ್ಯಾಂಕಿನ ಇಲ್ಲಿನ ದೊಡ್ಡ ಶಾಖೆಗೆ ಹೋಗಿ ಕೇಳುತ್ತಿದ್ದೆ. ನೋಟು ಎಲ್ಲ ಶಾಖೆಯಲ್ಲಿ ಇರುವುದಿಲ್ಲ, ಮುಂಚೆ ಹೇಳಿದರೆ ತರಿಸುವವರಿದ್ದಾರೆ. ಅವರ ದರ ಒಂದು ಚೀಟಿಯಲ್ಲಿ, ಬೆಂಗಳೂರಿನ ಪೇಟೆಯೊಳಗಿನ ಎರಡು ಪರವಾನಗಿದಾರರ ದರ ಫೋನಿನಲ್ಲಿ, ಒಂದೇ ದಿನ, ಒಂದೇ ಗಂಟೆಯಲ್ಲಿ. ಬೆಳಿಗ್ಗೆಯ ದರಕ್ಕೆ ಸಂಜೆಯ ದರ ಹೋಲಿಸಿದರೆ ಲೆಕ್ಕ ಕೆಡುತ್ತದೆ. ರೂಪಾಯಿ ಏರಲಿ ಎಂದು ಕಾಯುತ್ತಾ ಕೂರುವುದು ಬೇಡ. ಲಕ್ಷಕ್ಕೆ ಶೇ. 1 ಏರಿದರೂ ಸಿಗುವುದು ಸಾವಿರ, ಕೊನೆಗೆ ಗಡಿಬಿಡಿಯಲ್ಲಿ ಏರ್‌ಪೋರ್ಟಿನಲ್ಲಿ ಕೊಂಡರೆ ಹೋಗುವುದು ಐದು ಸಾವಿರ.

200 ಸಿಂಗಪುರ ಡಾಲರ್ ಸಣ್ಣ ನೋಟುಗಳಲ್ಲಿ ಇಲ್ಲಿಂದಲೇ. ಸಿಂಗಪುರದ ಉಳಿದ ಖರ್ಚಿಗೆ ಕಾರ್ಡ್, ಅಲ್ಲಿನ ಹಣದಲ್ಲೇ. ಮಲೇಷ್ಯಾಕ್ಕೆ ಬೇಕಾದ ಅಲ್ಪಸ್ವಲ್ಪ ರಿಂಗಿಟ್‌ಗಳನ್ನು ಬೆಂಗಳೂರಿನಲ್ಲಿ ಹುಡುಕದೆ ಸಿಂಗಪುರದಲ್ಲೇ ಕೊಳ್ಳುತ್ತಿದ್ದೆ. ಆ ಗಡಿಯನ್ನು ದಿನಾ ಲಕ್ಷಾಂತರ ಜನ ದಾಟುತ್ತಾರೆ, ಹಾಗಾಗಿ ಅಲ್ಲಿ ರಿಂಗಿಟ್ ನಮ್ಮೂರಿನ ಮಂಡಕ್ಕಿ ಹಾಗೆ, ಬೀದಿ ಬೀದಿಯಲ್ಲಿ, ಪೈಪೋಟಿಯ ದರದಲ್ಲಿ. ಲಿಟ್ಲ್ ಇಂಡಿಯಾ ಸುತ್ತ, ರ‍್ಯಾಫಲ್ಸ್ ಪ್ಲೇಸ್ ಸುತ್ತ ಅಂಥ ಅಂಗಡಿಗಳಿವೆ. ಥಾಯ್ಲೆಂಡ್‌ಗೆ 300 ಅಮೆರಿಕನ್ ಡಾಲರ್, 100ರ ಮೂರು ಹೊಸ ನೋಟು, ಒಂದೊಂದಾಗಿ ಬದಲಾಯಿಸಲು. ಉಳಿದದ್ದು ಬ್ಯಾಂಕ್ ಖಾತೆಯಲ್ಲೇ ಇರಲಿ, ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಬೇರೆ ಬೇರೆ ಚೀಲದಲ್ಲಿರಲಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಮಿತಿಯನ್ನೂ ಹಾಕಿಕೊಳ್ಳಿ, ಬಂದ ಮೇಲೆ ಮುಚ್ಚಿ.

ಈ ದಾರಿಯಲ್ಲೂ ಖರ್ಚಿದೆ. ಲಕ್ಷಕ್ಕೆ ಮೂರು, ಮೂರೂವರೆ ಸಾವಿರ ಹೋಗಬಹುದು. ಅದಕ್ಕಿಂತ ಕಡಿಮೆ ಮಾಡಲು ಹೊರಟರೆ ಅಂಗಡಿ ಅಂಗಡಿ ಅಲೆದು ಪ್ರವಾಸದ ಒಂದು ಮಧ್ಯಾಹ್ನವೇ ಹೋಗುತ್ತದೆ, ನಿಮ್ಮ ಮನೆಯವರು ಅದಕ್ಕೆ ಒಪ್ಪುತ್ತಾರೆಂದು ನನಗೆ ಅನಿಸುವುದಿಲ್ಲ.

ಕಾನೂನಿನ ಕೆಲವು ಅಂಕಿ ತಲೆಯಲ್ಲಿರಲಿ. ಇಲ್ಲಿಂದ ಒಬ್ಬರು ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ, ಉಳಿದದ್ದು ಕಾರ್ಡ್‌ನಲ್ಲಿ. ಡಾಲರ್ ಕೊಳ್ಳಲು ರೂಪಾಯಿ 50,000ಕ್ಕೆ ಮುಟ್ಟಿದರೆ ನಗದು ನಡೆಯದು, ಖಾತೆಯಿಂದಲೇ ಕೊಡಬೇಕು. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. ಭಾರತದ ರೂಪಾಯಿ 25,000ದವರೆಗೆ ಜೇಬಿನಲ್ಲಿರಬಹುದು, ವಾಪಸು ಬಂದು ಬೆಂಗಳೂರಿನಿಂದ ಊರಿಗೆ ಬರಲು ಬೇಕಲ್ಲ. ಉಳಿದ ವಿದೇಶಿ ನೋಟುಗಳಲ್ಲಿ 2,000 ಡಾಲರ್ ಬೆಲೆಯವರೆಗೆ ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ಹಾಗಾಗಿ ಇಳಿದ ರಾತ್ರಿಯೇ ಏರ್‌ಪೋರ್ಟಿನಲ್ಲಿ ಮಾರುವ ಆತುರ ಯಾರಿಗೂ ಬೇಡ. ಇನ್ನೂ ಒಳ್ಳೆಯದು, ಕೊನೆಯ ದಿನದ ಹೋಟೆಲ್ ಬಿಲ್ಲಿಗೆ ಉಳಿದ ನೋಟೆಲ್ಲ ಕೊಟ್ಟು ಬಾಕಿಯನ್ನು ಮಾತ್ರ ಕಾರ್ಡ್‌ನಲ್ಲಿ ಹಾಕಿಸಿ.

ಬೀರುವಿನಲ್ಲಿರುವ ದಿರ್ಹಮ್‌ಗೆ ಬರೋಣ. ಆ 20ರ ನೋಟನ್ನು 22ರಂತೆ ಮಾರಿದರೆ 440 ರೂಪಾಯಿ, ಕನಿಷ್ಠ ಜಿಎಸ್‌ಟಿ 45 ಕಳೆದು 395. ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗೂ ಸಾಲದು. ನಾಣ್ಯಗಳನ್ನು ಇಲ್ಲಿ ಯಾವ ಕೌಂಟರ್‌ನವರೂ ಮುಟ್ಟುವುದಿಲ್ಲ, ಇಟ್ಟುಕೊಳ್ಳಲು ಮಿತಿಯೂ ಇಲ್ಲ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ನಾಣ್ಯ ಅವರ ಡಬ್ಬಿಗೆ ಹೋಗಲಿ, ನೋಟನ್ನು ಪಾಸ್‌ಪೋರ್ಟ್ ಕವರಿನಲ್ಲೇ ಬಿಡಿ.